ಮಾವನ ಕಂಪ್ಯೂಟರಿಗೆ ಹತ್ತಿದ ವೈರಸ್

ನಮ್ಮ ಮಾವ ತಪ್ಪು ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಇದು ಬೆಳಗಾಗುವಷ್ಟೇ ಖಾತ್ರಿಯ ಮಾತು. ಆಯುಷ್ಯವೆಲ್ಲ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಅಲ್ಲಿಯವರು ಅವರಿಗೆ ಸೂಜಿಗಣ್ಣಪ್ಪ ಎಂದು ಹೆಸರಿಟ್ಟಿದ್ದರು. ನಿವೃತ್ತರಾದ ಮೇಲೂ ಪುಟಗಳು ಮನೆಯ ಕಂಪ್ಯೂಟರಿಗೆ ಬರುತ್ತವೆ, ಮಾವ ತಿದ್ದಿ ಕಳಿಸುತ್ತಾರೆ. ಆ ಕೆಲಸವಿಲ್ಲದ ದಿನ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ದಾರಿ ತಪ್ಪಿದವರಂತೆ ಓಡಾಡುತ್ತಾರೆ. ಆದ್ದರಿಂದ ಅಚ್ಚುಕೂಟದ ಮಾಲೀಕರು ಫೋನ್ ಮಾಡಿ, "ಈ ಸಲ ತಪ್ಪುಗಳು ಹಾಗ್ಹಾಗೇ ಉಳಿದುಬಿಟ್ಟಿವೆ. ನಾಳೆ ಬೆಳಿಗ್ಗೆ ನೀವು ತಿದ್ದಿ ಕಳಿಸೋ ಪುಟಗಳೂ ಹೀಗೇ ಇದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ" ಎಂದಾಗ ಮಾವನಿಗಿಂತ ಮೊದಲು ನನಗೇ ರೋಷ ಉಕ್ಕಿತು.

"ಕಂಪ್ಯೂಟರಿಗೆ ವೈರಸ್ ಬಂದಿದೆ. ನಾನು ತಿದ್ದಿದ್ದನ್ನ ಅದು ಮತ್ತೆ ಕೆಡಿಸ್ತಿದೆ," ಎಂದರು ಮಾವ, ಗೋಡೆಯ ಕಡೆ ಮುಖ ಮಾಡಿಕೊಂಡು.

ನನಗೆ ಅಷ್ಟು ಸಾಕಾಯಿತು. ನಾನು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೂರುವವಳು. ಕಲೆ ಕಂಡರೆ ಅದು ಹೋಗುವ ತನಕ ನನಗೆ ನಿದ್ದೆ ಬರುವುದಿಲ್ಲ. "ರಿಪೇರಿಗೆ ಕೊಟ್ರಾಯ್ತು, ವಾರದಲ್ಲಿ ಕೊಡ್ತಾರೆ" ಎಂದು ನಮ್ಮನೆಯವರು ಕೈ ತೊಳೆದುಕೊಂಡು ಕೆಲಸಕ್ಕೆ ಹೋದರು. ವಾರವಂತೆ! ನನಗೆ ರಜೆಯ ದಿನ. ಸೆರಗು ಸಿಕ್ಕಿಸಿ ಕೂತೆ. ಮಾವ ಪಕ್ಕದ ಕೋಣೆಗೆ ಹೋಗುತ್ತಾ, "ಮುಗಿದ ಮೇಲೆ ತಿದ್ದೋ ಪುಟ ತೆರೆದಿಟ್ಟಿರಮ್ಮ" ಎಂದರು.

ಕಂಪ್ಯೂಟರ್ ಹಚ್ಚಿದ ಕೂಡಲೇ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಎದ್ದು ಕುಣಿಯಿತು. ಅದನ್ನು ಮುಚ್ಚಿದರೆ ಮಂಡಿನೋವಿನದು. ಅದರ ಹಿಂದೆ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಇಲ್ಲಿ ಒತ್ತಿ ಎಂಬ ಕೆಂಪು ಡಬ್ಬಿ. ಇಷ್ಟಾದರೆ ಸರಿ, ವೈರಸ್ಸೇ ಎನ್ನಬಹುದಿತ್ತು. ಆದರೆ ಪರದೆಯೂ ಕಪ್ಪಾಗಿತ್ತು; ಅದರ ಮೇಲೆ ಬಿಳಿಯ ಅಕ್ಷರಗಳು ಅಂಗಡಿಯ ಬೋರ್ಡಿನಷ್ಟು ದಪ್ಪ. ಮೌಸ್ ಅಲ್ಲಾಡಿಸಿದೆ. "ಮುಚ್ಚು. ಬಟನ್," ಎಂದಳೊಬ್ಬಳು.

ನಾನು ಕುರ್ಚಿ ಸಮೇತ ಹಿಂದಕ್ಕೆ ಹೋದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ; ದನಿ ಕಂಪ್ಯೂಟರಿನೊಳಗಿಂದಲೇ ಬಂದಿತ್ತು. ಈ ದನಿಯನ್ನು ಮೊದಲೂ ಕೇಳಿದ್ದೆ. ಮಾವ ಬಾಗಿಲು ಹಾಕಿಕೊಂಡಾಗ ಒಳಗಿಂದ ಸಣ್ಣಗೆ ಬರುತ್ತಿತ್ತು. ಕೇಳಿದರೆ ರೇಡಿಯೊ ಎನ್ನುತ್ತಿದ್ದರು. ಈಗ ನೋಡಿದರೆ ಇವಳು! ಹೋದ ತಿಂಗಳು ಅಚ್ಚುಕೂಟದಲ್ಲಿ ಪುಟ ಜೋಡಿಸುವ ಕಂಪೋಸರ್ ಬಂದು ಕಂಪ್ಯೂಟರಿನ ಮುಂದೆ ಮಧ್ಯಾಹ್ನವೆಲ್ಲ ಕೂತಿದ್ದ. ಈ ಪೀಡೆಯನ್ನೆಲ್ಲ ಪೆನ್‌ಡ್ರೈವಿನಲ್ಲಿ ಹೊತ್ತು ತಂದವನು ಅವನೇ ಇರಬೇಕೆಂದು ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಅಕ್ಕನಿಗೆ ಫೋನ್ ಹಚ್ಚಿದೆ. ಅವಳು ವಿಮೆ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆಯೇ ಮುದುಕಿಯಾಗುತ್ತಿರುವವಳು.

"ಪ್ರೋಗ್ರಾಂಗಳ ಪಟ್ಟಿ ತೆಗಿ. ನಿಂಗೆ ಗೊತ್ತಿಲ್ದೇ ಇರೋದನ್ನೆಲ್ಲ ಕಿತ್ತುಹಾಕು."

"ನಂಗೆ ಒಂದೂ ಗೊತ್ತಿಲ್ವಲ್ಲೇ!"

"ಅಯ್ಯೋ ಕರ್ಮ. ಪಕ್ಕದಲ್ಲಿ ತಾರೀಕು ಇರುತ್ತೆ ನೋಡು. ಹೊಸದಾಗಿ ಬಂದಿದ್ದನ್ನ ಮಾತ್ರ ತೆಗಿ. ಹಳೇದರ ತಂಟೆಗೆ ಹೋಗ್ಬೇಡ."

ತಾರೀಕು ನೋಡಿದೆ. ಜಾಹೀರಾತಿನ ಪ್ರೋಗ್ರಾಂ, ಪುಕ್ಕಟೆ ಕ್ಯಾಲೆಂಡರ್ ಒಂದು, ಇನ್ನೊಂದು ಯಾವುದೋ, ಎಲ್ಲ ಹೋದ ತಿಂಗಳವೇ. ಕಂಪೋಸರನ ಮೇಲಿನ ಅನುಮಾನ ಗಟ್ಟಿಯಾಯಿತು. ಒಂದೊಂದನ್ನೇ ಕೀಳುತ್ತಾ ಹೋದೆ. ಪ್ರತಿ ಸಲವೂ ಅವಳು, "ತೆಗೆದುಹಾಕಬೇಕೆ? ಹೌದು. ಬಟನ್," ಎಂದು ನನ್ನ ಜೊತೆಗೇ ಹೇಳುತ್ತಿದ್ದಳು. ಕೊನೆಗೆ ಅವಳ ಸರದಿಯೇ ಬಂತು. ಅದನ್ನೂ ತಾನೇ ಓದಿದಳು, "ತೆಗೆದುಹಾಕಬೇಕೆ? ಹೌ—" ಎನ್ನುವಷ್ಟರಲ್ಲಿ ಒತ್ತಿಬಿಟ್ಟೆ. ಕೋಣೆ ಸ್ತಬ್ಧವಾಯಿತು. ಯಾಕೋ ಖುಷಿಯಾಗಬೇಕಾದಷ್ಟು ಆಗಲಿಲ್ಲ. ಕಪ್ಪು ಬಣ್ಣ, ದಪ್ಪ ಅಕ್ಷರಗಳನ್ನು ಹೇಗೆ ಸರಿಪಡಿಸುವುದೆಂದು ಅಕ್ಕ ಹೇಳಿಕೊಟ್ಟಳು. ಪರದೆ ಬೆಳ್ಳಗೆ ಬೆಳಗಿತು.

"ಇಷ್ಟರಿಂದ ತಿದ್ದಿದ ಅಕ್ಷರ ಹೇಗೆ ಕೆಡುತ್ತೆ ಅಂತ ಮಾತ್ರ ನಂಗೆ ಅರ್ಥ ಆಗ್ಲಿಲ್ಲ ಕಣೇ," ಎಂದು ಅಕ್ಕ ಫೋನ್ ಇಟ್ಟಳು. ನನಗೂ ತಲೆಬುಡ ತಿಳಿದಿರಲಿಲ್ಲ.

ನನ್ನ ಮಾತು ನಿಂತದ್ದು ಕೇಳಿ ಮಾವ ಬಂದು ಕುರ್ಚಿಯಲ್ಲಿ ಕೂತರು. ಒಂದು ಕೀಲಿ ಒತ್ತಿ, ತಲೆ ಓರೆ ಮಾಡಿ ಕಾದರು. ಮತ್ತೊಮ್ಮೆ ಒತ್ತಿದರು.

"ಎಲ್ಲಾ ತೆಗೆದೆ ಮಾವ. ಒಳಗಿದ್ದ ಆ ಮಾತಾಡೋ ದೆವ್ವಾನೂ ಓಡಿಸಿದೆ."

ಅವರ ಬೆರಳು ಕೀಲಿಯ ಮೇಲೇ ನಿಂತಿತು. ಆಮೇಲೆ ಮುಂದಕ್ಕೆ ಬಾಗಿ, "ಒಳ್ಳೇ ಕೆಲಸ ಮಾಡಿದೆಯಮ್ಮ," ಎಂದರು. "ಈಗ ನೋಡು, ಅಕ್ಷರ ಹೇಗೆ ಮುತ್ತು ಪೋಣಿಸಿದ ಹಾಗಿದೆ! ಇಲ್ಲಿ, ಈ ಸಾಲಲ್ಲೊಂದು ತಪ್ಪಿದೆ. ಮಾಲೀಕರಿಗೆ ತೋರಿಸ್ತೀನಿ."

ಬೆರಳು ಪರದೆಯ ಮೇಲೆ ಎಡದಿಂದ ಬಲಕ್ಕೆ ಹೋಯಿತು. ಅಲ್ಲಿ ಸಾಲೇ ಇರಲಿಲ್ಲ. ನಾನು ಪುಟ ತೆರೆಯುವುದನ್ನೇ ಮರೆತಿದ್ದೆ. ಬರಿಯ ಬಿಳಿ ಪರದೆ, ಮೂಲೆಯಲ್ಲೊಂದು ಗಡಿಯಾರ. ತಮಾಷೆ ಮಾಡುತ್ತಿದ್ದಾರೆಯೇ? ಮಾವ ಎಂದೂ ತಮಾಷೆ ಮಾಡಿದವರಲ್ಲ. ಪರದೆಯನ್ನು ನೋಡಿದೆ, ಅವರನ್ನು ನೋಡಿದೆ, ಮತ್ತೆ ಪರದೆಯನ್ನು ನೋಡಿದೆ.

ಆಗ ತಿಳಿಯಿತು. ಮಾವನಿಗೆ ಅಕ್ಷರ ಕಾಣುತ್ತಿಲ್ಲ. ಬೆಳಕು ಕಾಣುತ್ತಿದೆ, ಅಷ್ಟೇ. ಆ ಹೆಂಗಸು ದೆವ್ವವೂ ಅಲ್ಲ, ವೈರಸ್ಸೂ ಅಲ್ಲ. ಪಾಪ, ಆ ಕಂಪೋಸರ್ ಯಾರಿಗೂ ಹೇಳದೆ ಅವರಿಗೆ ತಂದುಕೊಟ್ಟ ಕಣ್ಣು. ಅವಳು ಓದಿದ್ದನ್ನು ಕೇಳಿ ಇವರು ತಿದ್ದುತ್ತಿದ್ದರು. ಕಿವಿಗೆ ಸಿಗದ ತಪ್ಪುಗಳು ಹಾಗೇ ದಾಟಿಹೋಗಿದ್ದವು. ನಾನು ಆ ಕಣ್ಣನ್ನೇ ಕಿತ್ತು ಬಿಸಾಕಿ, ಶಭಾಷ್‌ಗಿರಿಗೆ ಕಾದು ನಿಂತಿದ್ದೆ. ನನ್ನ ಮೇಲೇ ಅಸಹ್ಯವಾಯಿತು.

ಕಾಣ್ತಿಲ್ವಾ ಮಾವ ಎಂದು ಕೇಳಬೇಕೆಂದರೆ ಬಾಯಿ ಬರಲಿಲ್ಲ. ಕೇಳಿಬಿಟ್ಟರೆ ಆ ಮನುಷ್ಯ ಈ ಕುರ್ಚಿಯಿಂದ ಎದ್ದು ಹೋಗಿಬಿಡುತ್ತಾರೆ, ಮತ್ತೆ ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಮಾವ, ವೈರಸ್ ಪೂರ್ತಿ ಹೋಗಿಲ್ಲ ಅನ್ಸುತ್ತೆ," ಎಂದೆ. "ಇವತ್ತು ನಾನು ಓದ್ತಾ ಹೋಗ್ತೀನಿ, ನೀವು ತಿದ್ದಿಸಿ."

ಮಾವನ ಬೆರಳು ಇನ್ನೂ ಪರದೆಯ ಮೇಲೇ ಇತ್ತು. ನಿಧಾನವಾಗಿ ಕೆಳಗಿಳಿಸಿದರು.

"ಅಕ್ಷರ ಅಕ್ಷರ ಬಿಡಿಸಿ ಓದ್ಬೇಕು. ಕಾಮಾ, ಪೂರ್ಣವಿರಾಮ ಎಲ್ಲಾ ಬಾಯಿಬಿಟ್ಟು ಹೇಳ್ಬೇಕು."

"ಹೂಂ ಮಾವ."

"ನಿನ್ನ ಗಂಡನಿಗೆ ಹೇಳ್ಬೇಡ," ಎಂದರು ತಗ್ಗಿದ ದನಿಯಲ್ಲಿ. "ವೈರಸ್ ಇನ್ನೂ ಇದೆ ಅಂತ."

"ಇಲ್ಲ ಮಾವ."

ಪುಟ ತೆರೆದು ಮೊದಲ ಸಾಲು ಓದತೊಡಗಿದೆ. ಅವಸರದಲ್ಲಿ ನಡುವೆ ಏನೋ ನುಂಗಿಬಿಟ್ಟೆ. ಮಾವ ಕೈಯೆತ್ತಿ ತಡೆದರು.

"ಅಲ್ಲೊಂದು ಕಾಮಾ ಇರ್ಬೇಕಲ್ಲ?"

ನೋಡಿದೆ. ಇತ್ತು.