ಕಪ್ಪುಕುಳಿಗೆ ಲೈನಿಂಗ್

ಬ್ಲೇಡನ್ನು ಬೆರಳ ಸಂದಿಯಲ್ಲಿ ಹಿಡಿದುಕೊಂಡು ಟೈಲರತ್ತೆ ಕಪ್ಪು ಪರದೆ ಎತ್ತಿ ಚೌಕಟ್ಟಿನ ಕೆಳಗೆ ನುಸುಳಿದಳು. ಮಂಡಿ ಲಟಕ್ಕೆಂದಿತು.

"ಎಷ್ಟೊತ್ತು ಬೇಕು ಅತ್ತೆ?" ಅಳಿಯ ಬಗ್ಗಿ ಪಿಸುಗುಟ್ಟಿದ.

"ನೀನು ಮಾತಾಡ್ತಾ ಇರು. ಹುಟ್ಟಿದಾಗಿಂದ ಅದನ್ನೇ ತಾನೆ ಮಾಡ್ತಿರೋದು?"

ಗ್ರಂಥಾಲಯದ ಸಭಾಂಗಣದಲ್ಲಿ ಅಳಿಯನ ಮೊದಲ ಖಗೋಳ ಸಂಜೆ. ಕಾಲುಗಳ ಮೇಲೆ ನಿಂತ ದೊಡ್ಡ ಕಬ್ಬಿಣದ ಬಳೆಗೆ ಹಿಗ್ಗುವ ಬಟ್ಟೆ ಬಿಗಿದು ನಡುವೆ ಭಾರದ ಗುಂಡು ಇಟ್ಟರೆ ಬಟ್ಟೆ ಆಳಕ್ಕೆ ಜಗ್ಗಬೇಕು. ಅಂಚಿನಿಂದ ಬಿಟ್ಟ ಗೋಲಿ ಸುತ್ತಿ ಸುತ್ತಿ ಒಳಗೆ ಬೀಳಬೇಕು. ಅದೇ ಕಪ್ಪುಕುಳಿ. ಬಟ್ಟೆ ಹೊಲಿದುಕೊಟ್ಟವಳು ಅತ್ತೆ. ಅಷ್ಟು ತೆಳು ಬಟ್ಟೆಯನ್ನು ಹಾಗೇ ಕಳಿಸಲು ಕೈ ಬರದೆ ಅಡಿಗೆ ಗಟ್ಟಿ ಲೈನಿಂಗ್ ಕೊಟ್ಟು ಸುತ್ತಲೂ ಎರಡೆರಡು ಹೊಲಿಗೆ ಹಾಕಿದ್ದಳು. ಈಗ ಎಲ್ಲರೆದುರು ಗುಂಡು ಊಟ ಮುಗಿಸಿದ ನೆಂಟನಂತೆ ಕೂತಲ್ಲೇ ಕೂತಿತ್ತು. ಗೋಲಿ ನೆಟ್ಟಗೆ ಉರುಳಿ ಆಚೆ ಅಂಚು ಸೇರಿತ್ತು. ಜನ ನಕ್ಕಿದ್ದರು. ಜನ ಅರ್ಧಕ್ಕೆ ಎದ್ದುಹೋದರೆ ಇನ್ನೊಂದು ಸಂಜೆ ಸಿಗುವುದಿಲ್ಲವೆಂದು ಗ್ರಂಥಪಾಲಕಿ ಅಳಿಯನಿಗೆ ಮೊದಲೇ ಹೇಳಿಬಿಟ್ಟಿದ್ದರು.

"ಅಲ್ಲೀವರೆಗೆ ಗಾಮಾ ಕಿರಣ ಸ್ಫೋಟದ ವಿಷಯ ಹೇಳ್ಬಿಡ್ತೀನಿ," ಮೇಲೆ ಅಳಿಯ ಗಡಿಬಿಡಿಯಲ್ಲಿ ಶುರುಮಾಡಿದ. "ಭಾರಿ ನಕ್ಷತ್ರದ ಒಡಲು ಕುಸಿದು ಕಪ್ಪುಕುಳಿ ಆಗೋವಾಗ ಎರಡು ಕಡೆಗೆ ಕಿರಣ ಚಿಮ್ಮುತ್ತೆ. ನಮ್ಮ ಸೂರ್ಯ ಬದುಕಿಡೀ ಸುಡೋದನ್ನ ಅದು ಕೆಲವೇ ಕ್ಷಣದಲ್ಲಿ ಸುಟ್ಟು ಮುಗಿಸುತ್ತೆ."

ಪರದೆಯಾಚೆ ಕುರ್ಚಿಯೊಂದು ಕಿರ್ರೆಂದಿತು. ಯಾರೋ ಏಳುತ್ತಿದ್ದರು. ಅತ್ತೆಯ ಬ್ಲೇಡು ಮಾತ್ರ ನಿಂತೇಹೋಗಿತ್ತು. ಕೆಲವೇ ಕ್ಷಣದಲ್ಲಾ? ಅದಕ್ಕೇನು ಅಷ್ಟು ಅವಸರ?

"ಎರಡು ಕಡೆ ಯಾಕೋ? ಒಂದು ಸಾಲ್ದಾ?" ಕೂಗಿಯೇಬಿಟ್ಟಳು.

ಸಭೆ ಬೆಚ್ಚಿತು. "ಕಪ್ಪುಕುಳಿ ಮಾತಾಡ್ತು!" ಎಂದರು ಯಾರೋ. ಎದ್ದವರು ಕೂತರು.

"ತಿರುಗ್ತಾ ತಿರುಗ್ತಾ ಕುಸಿಯುತ್ತಲ್ಲ ಅತ್ತೆ," ಅಳಿಯನ ದನಿಗೆ ಜೀವ ಬಂತು. "ನಿಮ್ಮ ಮೆಷಿನ್‌ನಲ್ಲಿ ತಿರುಗೋ ದಾರದ ಬಾಬಿನ್ ಅಂದ್ಕೊಳಿ. ಮೇಲೊಂದು ತುದಿ, ಕೆಳಗೊಂದು ತುದಿ. ಕಿರಣ ಅಲ್ಲಿಂದ ನುಗ್ಗುತ್ತೆ."

"ನಮ್ಮ ಕಡೆ ತಿರುಗಿಲ್ಲದಿದ್ರೆ?" ಕೇಳಿದ್ದು ಮುಂದಿನ ಸಾಲಿನ ಮುದುಕರು.

"ಆ ಹೊಳಪು ನಮಗೆ ಗೊತ್ತೇ ಆಗಲ್ಲ ತಾತ."

ಪ್ರಶ್ನೆಗಳು ಒಂದರ ಮೇಲೊಂದು ಬಿದ್ದವು. ಅತ್ತೆ ಸರಸರ ಹೊಲಿಗೆ ಬಿಚ್ಚಿದಳು. ಕೊನೆಯ ದಾರ ಹರಿದಾಗ ಲೈನಿಂಗ್ ಮುಖದ ಮೇಲೆ ಬಿತ್ತು. ಅದನ್ನು ಮುದ್ದೆಮಾಡಿ ತಲೆಯಡಿಗೆ ಇಟ್ಟುಕೊಂಡು ಅಂಗಾತ ಮಲಗಿ, ಫೋನಿನ ಟಾರ್ಚು ಮೇಲೆ ಹಿಡಿದಳು. ಬಟ್ಟೆ ಜಗ್ಗುತ್ತ ಜಗ್ಗುತ್ತ ಗುಂಡಿನ ಸಮೇತ ಅವಳ ಮೂಗಿನ ಹತ್ತಿರ ಬಂದು ನಿಂತಿತು.

"ಈಗ ನೋಡಿ!" ಎಂದ ಅಳಿಯ.

ಅಂಚಿನಲ್ಲೊಂದು ಪುಟ್ಟ ಉಬ್ಬು ಓಡಿತು. ಸುತ್ತು ಹಾಕಿತು, ಇನ್ನೂ ಸಣ್ಣ ಸುತ್ತು, ಇನ್ನೂ ವೇಗ. ಟಪ್ಪೆಂದು ಗುಂಡಿಗೆ ಬಡಿದು ಅವಳ ಕಣ್ಣೆದುರೇ ನಿಂತಿತು. ಮೇಲೆ "ಹೋಯ್ತು, ಹೋಯ್ತು!" ಎಂದು ಚಪ್ಪಾಳೆ. ಹೋಯಿತಂತೆ! ಇಲ್ಲೇ ಬಂದಿದೆಯಲ್ಲ.

ಪರದೆ ಸರಿಯಿತು. ಅಳಿಯನ ಬೆವೆತ ಮುಖ ಇಣುಕಿತು. "ಅತ್ತೆ, ಇನ್ನೊಂದು ಸಂಜೆ ಕೊಡ್ತಾರಂತೆ! ಬನ್ನಿ, ನಿಮಗೆ ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸಿದೀನಿ. ಆರಾಮಾಗಿ ಕೂತು ನೋಡಿ."

"ನಾನು ಬರಲ್ಲ," ಎಂದಳು ಅತ್ತೆ. "ಪರದೆ ಇಳಿಸು."