ಒಂದೇ ವಿಮಾನಕ್ಕೆ ಎರಡು ನಂಬರು

ಹಸಿರು ಸ್ವೆಟರು, ಹೌದು ಅದೇ, ಮೊಣಕೈ ಹತ್ತಿರ ಬೇರೆ ಹಸಿರಿನ ನೂಲು ಹಾಕಿ ಹೆಣೆದು ಸರಿಮಾಡಿಕೊಂಡದ್ದು, ಸಾಲಿನಲ್ಲಿ ಮೂರನೆಯವರು, ಬಂದೇಬಿಟ್ಟರಲ್ಲ, ನನ್ನ ಕೈ ತಾನಾಗಿಯೇ ಕೂದಲಿಗೆ ಹೋಗುತ್ತಿದೆ, ಥೂ, ಈ ವಯಸ್ಸಿನಲ್ಲಿ, ಇಳಿಸು ಕೈಯನ್ನು, ಎದುರಿಗೆ ಮಗು ಎತ್ತಿಕೊಂಡ ಹೆಂಗಸು ನಿಂತಿದ್ದಾಳೆ, ಮೊದಲು ಅವಳ ಕೆಲಸ ನೋಡು — ಇಲ್ಲಮ್ಮಾ, ನಿಮ್ಮ ಲಗೇಜು ನೇರವಾಗಿ ಹೋಗುತ್ತೆ, ಇಲ್ಲಿ ತಗೊಳ್ಳೋ ಹಾಗಿಲ್ಲ, ಹೂಂ, ಗೇಟು ಬಲಗಡೆ — ಪಕ್ಕದ ಕೌಂಟರಿನ ಹುಡುಗಿ ಆಗಲೇ ನೋಡಿಬಿಟ್ಟಳು, ನಿಮ್ಮ ಲಿಫ್ಟ್ ಸಾಹೇಬ್ರು ಬಂದ್ರು ನೋಡಿ ಅಕ್ಕಾ, ನನ್ನ ಸಾಹೇಬರಂತೆ, ನನ್ನವರು ಹೇಗಾಗುತ್ತಾರೆ, ದೊಡ್ಡ ಕಟ್ಟಡಗಳ ಲಿಫ್ಟು ಸರಿಯಿದೆಯೇ ಎಂದು ಪರೀಕ್ಷೆ ಮಾಡುವ ಮನುಷ್ಯ, ತಿಂಗಳಿಗೊಮ್ಮೆ ಕಡಲ ಕಡೆಯ ಊರಿಗೆ ಹೋಗುವಾಗ ಇಲ್ಲಿ ವಿಮಾನ ಬದಲಿಸುತ್ತಾರೆ, ಬದಲಿಸುವಾಗ ನನ್ನ ಕೌಂಟರಿಗೆ ಬಂದು ಒಂದು ಪ್ರಶ್ನೆ ಕೇಳುತ್ತಾರೆ, ಉತ್ತರ ತಗೊಂಡು ಹೋಗುತ್ತಾರೆ, ಅಷ್ಟೆ, ಅಷ್ಟಕ್ಕೇ ನನಗೆ ಮುಂದಿನ ತಿಂಗಳವರೆಗೂ ಸಾಕಾಗುತ್ತಿತ್ತು. ಇವತ್ತು ಹೇಳಲೇಬೇಕು. ಬೆಳಿಗ್ಗೆ ಮ್ಯಾನೇಜರು ಚಹಾ ಹೀರುತ್ತಾ ಹೇಳಿಹೋದದ್ದು, ಮುಂದಿನ ತಿಂಗಳಿಂದ ಕಡಲ ಕಡೆಗೆ ಹಾರಿಸೋ ಆ ಕಂಪನಿ ಜೊತೆ ನಮ್ಮ ಒಪ್ಪಂದ ಮುಗೀತು, ಅವರ ವಿಮಾನಕ್ಕೆ ನಮ್ಮ ನಂಬರ್ ಇರಲ್ಲ, ಎರಡೂ ವಿಮಾನ ಸೇರಿಸಿ ಮಾಡೋ ಜೋಡಿ ಟಿಕೆಟ್ ಇನ್ಮೇಲೆ ಬಂದ್ — ಎಷ್ಟು ಸಲೀಸಾಗಿ ಹೇಳಿದರು, ಜೋಡಿ ಟಿಕೆಟ್ ಇಲ್ಲದಮೇಲೆ ಇವರು ಈ ಊರಿಗೆ ಯಾಕೆ ಬರುತ್ತಾರೆ, ನೇರ ವಿಮಾನ ಹತ್ತಿ ನನ್ನ ತಲೆಯ ಮೇಲೇ ಹಾರಿಹೋಗುತ್ತಾರೆ, ನಾನು ಇಲ್ಲಿ ಕೂತು ಬೇರೆಯವರಿಗೆ ಗೇಟು ಬಲಗಡೆ ಎನ್ನುತ್ತಿರುತ್ತೇನೆ.

ಮೊದಲ ಸಲ ಬಂದದ್ದು ಜಗಳಕ್ಕೆ. ನೋಡಿ ಮೇಡಂ, ಈ ವಿಮಾನ ಬೇರೆ ತಗೊಂಡ್ರೆ ಒಂದು ರೇಟು, ಆ ವಿಮಾನ ಬೇರೆ ತಗೊಂಡ್ರೆ ಒಂದು ರೇಟು, ಎರಡೂ ಸೇರಿಸಿ ಒಂದೇ ಟಿಕೆಟ್ ಮಾಡಿದ್ರೆ ಕಡಿಮೆ ಆಗ್ಬೇಕು ತಾನೇ, ನಿಮ್ಮಲ್ಲಿ ಜಾಸ್ತಿಯಾಗಿದೆ, ಇದ್ಯಾವ ಊರ ನ್ಯಾಯ? ಎಲ್ಲರೂ ಕೇಳುವುದೇ, ಆದರೆ ಉತ್ತರ ಮುಗಿಯುವ ತನಕ ನಿಲ್ಲುವವರು ಯಾರು, ಇವರು ನಿಂತರು, ಕಣ್ಣು ಕಿರಿದು ಮಾಡಿಕೊಂಡು ಕೇಳಿದರು — ಎರಡನೇ ವಿಮಾನ ನಮ್ದಲ್ಲ ಸರ್, ಬೇರೆ ಕಂಪನಿದು, ಅದಕ್ಕೆ ನಮ್ಮ ನಂಬರ್ ಅಂಟಿಸಿ ನಾವೂ ಮಾರ್ತೀವಿ, ಅವರೋ, ಅಗ್ಗದ ಸೀಟೆಲ್ಲ ತಮ್ಮ ಗಿರಾಕಿಗಳಿಗೆ ಇಟ್ಕೊಂಡು ನಮಗೆ ದುಬಾರಿದು ಮಾತ್ರ ಬಿಟ್ಟುಕೊಡ್ತಾರೆ, ಕೂರೋದು ಅದೇ ಸೀಟಲ್ಲೇ, ಪಕ್ಕದಲ್ಲಿ ಕೂತವರು ಅರ್ಧ ಕೊಟ್ಟಿರ್ತಾರೆ. ಹೆಚ್ಚು ಕೊಟ್ಟವನಿಗೆ ಏನು ಸಿಗುತ್ತೆ? ಮೊದಲನೇ ವಿಮಾನ ತಡವಾದ್ರೆ ಮುಂದಿನದಕ್ಕೆ ಹತ್ತಿಸೋ ಹೊಣೆ ನಮ್ದು ಸರ್, ನಿಮ್ಮನ್ನ ನಡುದಾರೀಲಿ ಬಿಡಲ್ಲ. ಹೌದಾ, ಹಾಗಾದ್ರೆ ಕೊಡ್ಬಹುದು ಬಿಡಿ, ಎಂದು ನಕ್ಕರು, ಹಲ್ಲಿನ ನಡುವೆ ಸಣ್ಣ ಸಂದು, ಜಗಳಕ್ಕೆ ಬಂದವರು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ಆಮೇಲೆ ತಿಂಗಳು ತಿಂಗಳು ಹೊಸ ಪ್ರಶ್ನೆ, ಮಂಗಳವಾರ ಯಾಕೆ ಅಗ್ಗ, ಹೋಗಿಬರುವ ಟಿಕೆಟ್ಟಿಗಿಂತ ಬರೀ ಹೋಗುವುದು ಯಾಕೆ ದುಬಾರಿ, ಮನೆಯಲ್ಲಿ ಅಮ್ಮನಿಗೆ ತಲೆಚಿಟ್ಟು, ಏನೇ ನಿಮ್ಮಿಬ್ಬರದು, ಬರೀ ಟಿಕೆಟ್ ರೇಟೇ ಮಾತಾಡ್ತೀರಲ್ಲ, ಊಟ ಆಯ್ತಾ ಅಂತಾದ್ರೂ ಕೇಳಬಾರ್ದಾ? ಕೇಳಬಹುದಿತ್ತು. ಅದರ ಬದಲು ನಾನು ಮಾಡಿದ ಎಡವಟ್ಟು ನೋಡು, ಪಾಪ ಇಷ್ಟೊಂದು ದುಡ್ಡು ಸುರಿಯುತ್ತಾರಲ್ಲ ಎಂದು ಮರುಗಿ, ಹೊಸದಾಗಿ ಶುರುವಾದ ನೇರ ವಿಮಾನ ಹುಡುಕಿ, ನಾನೇ ಕೈಯಾರೆ ಟಿಕೆಟ್ ಮಾಡಿಕೊಟ್ಟೆ, ಅದೂ ಎಂಥ ಹೆಮ್ಮೆಯಿಂದ — ಅರ್ಧ ಬೆಲೆ ಸರ್, ಇಲ್ಲಿ ಇಳಿಯೋದೇ ಬೇಡ! ಅವರ ಮುಖ ಸಪ್ಪಗಾಯಿತು, ದಣಿದಿದ್ದಾರೆ ಅಂದುಕೊಂಡೆ. ಮುಂದಿನ ತಿಂಗಳು ಬರಲಿಲ್ಲ, ಹೇಗೆ ಬರುತ್ತಾರೆ, ಬರದ ಹಾಗೆ ಮಾಡಿ ಕಳಿಸಿದವಳೇ ನಾನು, ಅಮ್ಮ ಹಣೆ ಚಚ್ಚಿಕೊಂಡಳು, ನಿನ್ನಂಥ ಬುದ್ಧಿವಂತೆ ಎಲ್ಲೂ ಇಲ್ಲ ಕಣೇ, ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅದರ ಮುಂದಿನ ತಿಂಗಳು ಇದೇ ಹಸಿರು ಸ್ವೆಟರು, ಇದೇ ದುಬಾರಿ ದಾರಿ. ಯಾಕೆ ಸರ್, ನೇರ ವಿಮಾನ ಚೆನ್ನಾಗಿರ್ಲಿಲ್ವಾ? ಕಾಲು ಚಾಚಕ್ಕೆ ಜಾಗ ಇಲ್ಲ ಮೇಡಂ ಅದರಲ್ಲಿ. ಎರಡೂ ಒಂದೇ ಮಾದರಿಯ ವಿಮಾನ, ಒಂದು ಬೆರಳಿನಷ್ಟೂ ವ್ಯತ್ಯಾಸವಿಲ್ಲ, ಲಿಫ್ಟಿನ ಅಳತೆ ಹಿಡಿಯುವವರಿಗೆ ಅದು ಗೊತ್ತಾಗುವುದಿಲ್ಲವೇ, ಆಫೀಸು ನೇರ ವಿಮಾನದ ದುಡ್ಡಷ್ಟೇ ಕೊಡುತ್ತೆ, ಮಿಕ್ಕಿದ್ದು ನಾನೇ ಹಾಕ್ಕೋತೀನಿ ಎಂದರು, ಯಾಕೆ ಎಂದು ನಾನು ಕೇಳಲಿಲ್ಲ, ಕೇಳಿದರೆ ಹೇಳಿಬಿಡುತ್ತಾರೇನೋ ಎಂಬ ಭಯ, ಹೇಳದಿದ್ದರೆ ಎಂಬ ಭಯ ಇನ್ನೂ ದೊಡ್ಡದು.

ಚೆನ್ನಾಗಿದ್ದೀರಾ ಮೇಡಂ — ಅಯ್ಯೋ, ಎದುರಿಗೇ ಬಂದು ನಿಂತಿದ್ದಾರೆ — ಈ ಸಲದ ಪ್ರಶ್ನೆ ಇದು, ಒಂದೇ ವಿಮಾನಕ್ಕೆ ಎರಡು ನಂಬರ್ ಇದೆಯಲ್ಲ, ಮೇಲೆ ಹೋದಾಗ ಪೈಲಟ್ ಯಾವ ನಂಬರ್ ಹೇಳ್ತಾನೆ? ಹಾರಿಸೋ ಕಂಪನಿದು ಸರ್, ನಮ್ದು ಬರೀ ಟಿಕೆಟ್ ಮೇಲೆ. ನಗುತ್ತಾರೆ, ಆ ಸಂದು ಕಾಣುತ್ತದೆ, ಹೇಳಿಬಿಡು, ಈಗಲೇ — ಸರ್, ಮುಂದಿನ ತಿಂಗಳಿಂದ ಅದೂ ಇರಲ್ಲ, ಜೋಡಿ ಟಿಕೆಟ್ ನಿಲ್ಲಿಸ್ತಿದಾರೆ. ಓ. ಒಂದೇ ಅಕ್ಷರ. ಹಾಗಾದ್ರೆ ಇನ್ನು ನೇರ ವಿಮಾನವೇ ಗತಿ ಅನ್ನಿ. ಗತಿ ಎಂದರಲ್ಲ, ಅಗ್ಗದ ಟಿಕೆಟ್ಟಿಗೆ ಯಾರಾದರೂ ಗತಿ ಎನ್ನುತ್ತಾರೆಯೇ, ಪಕ್ಕದ ಹುಡುಗಿ ಟೈಪು ಮಾಡುವುದನ್ನು ನಿಲ್ಲಿಸಿದ್ದಾಳೆ, ಕಿವಿಯೆಲ್ಲ ಈ ಕಡೆಗೇ, ಇರಲಿ, ಕೇಳಿಸಿಕೊಳ್ಳಲಿ — ಇನ್ನೊಂದು ದಾರಿ ಇದೆ ಸರ್, ಎರಡೂ ಟಿಕೆಟ್ ಬೇರೆ ಬೇರೆ ತಗೊಳ್ಳಿ, ಅಗ್ಗ, ಆದ್ರೆ ನೀವು ತಡವಾಗಿ ಬಂದ್ರೆ ಆ ಕಂಪನಿಯವರು ಕಾಯಲ್ಲ, ಅದಕ್ಕೇ ಬೆಳಿಗ್ಗೆ ಬಂದಿಳಿದು ಸಂಜೆದು ಹತ್ತೋದು ಒಳ್ಳೇದು, ಲಗೇಜು ತಗೊಂಡು ಹೊರಗೆ ಬರಬೇಕು. ಹೊರಗೆ ಬಂದು ಇಡೀ ದಿನ ಏನ್ಮಾಡ್ಲಿ ಮೇಡಂ, ಈ ಊರಲ್ಲಿ ನನಗೆ ಯಾರೂ ಗೊತ್ತಿಲ್ಲ. ಯಾರೂ. ಹಾಗೆಂದು ನೆಲ ನೋಡುತ್ತಿದ್ದಾರೆ, ಕಿವಿ ಕೆಂಪಾಗಿದೆ, ಈಗ ಬಾಯಿ ಬಿಡದಿದ್ದರೆ ಇನ್ನೆಂದೂ ಇಲ್ಲ — ಭಾನುವಾರದ್ದು ತಗೊಳ್ಳಿ, ಭಾನುವಾರ ನನಗೆ ರಜ, ಹೊರಗಡೆ ಬಾಗಿಲ ಹತ್ರ ನಾನು ನಿಂತಿರ್ತೀನಿ. ಅಂದೆನೇ? ಅಂದೇಬಿಟ್ಟೆ, ನನ್ನ ದನಿಯೇ, ಮೇಲೆ ಸ್ಪೀಕರಿನಲ್ಲಿ ಅವರ ವಿಮಾನವನ್ನೇ ಕೂಗುತ್ತಿದ್ದಾರೆ, ಕೊನೆಯ ಕರೆ, ಅವರು ಓಡಬೇಕು, ಸರ್, ಗೇಟು ಮುಚ್ಚುತ್ತಾರೆ, ಓಡಿ, ಎನ್ನಬೇಕು ನಾನು, ಹೆಗಲಿನ ಚೀಲದ ಪಟ್ಟಿಯನ್ನು ತಲೆಯ ಮೇಲಿಂದ ತೆಗೆಯುತ್ತಿದ್ದಾರೆ, ನಿಧಾನಕ್ಕೆ, ಒಳಗೆ ಗಾಜಿನ ಸಾಮಾನು ಇರುವ ಹಾಗೆ, ಬಗ್ಗಿ ಕೆಳಗಿಡುತ್ತಿದ್ದಾರೆ, ಮತ್ತೆ ಕೂಗಿದರು, ಇವರು ಕತ್ತೆತ್ತಿ, ಗೇಟಿನ ಕಡೆ ತಿರುಗದೆ, ನನ್ನನ್ನೇ ನೋಡುತ್ತಾ ನಿಂತಿದ್ದಾರೆ, ಚೀಲ ನೆಲದ ಮೇಲಿದೆ, ಮತ್ತೆ ಕೂಗುತ್ತಿದ್ದಾರೆ, ಚೀಲ ನೆಲದ ಮೇಲಿದೆ, ನೆಲದ ಮೇಲೆ ಚೀಲ