ಕಂಬದ ಮೇಲಿನ ತೊರಕೆ

ತೊರಕೆ ಮೀನನ್ನು ಮಗುಚಿ ನೋಡಿದ್ದೀರಾ? ಹೊಟ್ಟೆಯ ಕಡೆ ಥೇಟು ಮನುಷ್ಯನ ಮುಖ! ಕಣ್ಣೆಂದು ಕಾಣುವವು ಮೂಗಿನ ಹೊಳ್ಳೆಗಳು, ನಿಜವಾದ ಕಣ್ಣು ಬೆನ್ನಿನ ಮೇಲಿರುತ್ತದೆ.

1956ರ ಭಾದ್ರಪದ. ನಾನು ಚಾಮರಾಜನಗರದಲ್ಲಿ ಹೊಸ ವಿಜ್ಞಾನದ ಮೇಷ್ಟ್ರು, ಬದನಗುಪ್ಪೆಯಲ್ಲಿ ಸೋದರತ್ತೆ ಗುರುಮಲ್ಲಮ್ಮನ ಮನೆಯಲ್ಲಿ ವಾಸ. ಮೂಳೆಯಿಲ್ಲದ ಎರಡು ಜೀವಿಗಳನ್ನು ಪಕ್ಕಪಕ್ಕ ಇಟ್ಟು ಪಾಠ ಮಾಡುವ ಹುಚ್ಚು ನನಗೆ. ಮಿಡತೆ ಆರು ಕಾಲಿನ ಕೀಟ, ಹೊರಗಿನ ಕವಚವೇ ಅದರ ಆಸರೆ. ತೊರಕೆಗೆ ಬೆನ್ನುಕಂಬವಿದೆ, ಆದರೆ ಮೂಳೆಯ ಬದಲು ನಮ್ಮ ಕಿವಿಯಲ್ಲಿರುವಂಥ ಮೃದ್ವಸ್ಥಿ. ಮಿಡತೆ ಅತ್ತೆಯ ರಾಗಿ ಹೊಲದಲ್ಲೇ ಬೇಕಾದಷ್ಟಿತ್ತು, ಅರ್ಧ ಹೊಲ ತಿಂದಿತ್ತು. ವಿಧವೆ ಅತ್ತೆಗೆ ವರ್ಷದ ಊಟ ಆ ರಾಗಿಯೇ.

ತೊರಕೆಗಾಗಿ ಗುಂಡ್ಲುಪೇಟೆಗೆ ಹೋದೆ. ಅಲ್ಲಿ ಬಷೀರ್ ಅಹಮದ್ ಸಾಹೇಬರು ಕಲ್ಲಿಕೋಟೆಯ ಲಾರಿಗಳಲ್ಲಿ ಬರುವ, ಉಪ್ಪು ಹಾಕಿದ ಒಣಮೀನು ಮಾರುತ್ತಿದ್ದರು.

"ಇರೋದು ಇದೊಂದೇ ಮೇಷ್ಟ್ರೆ. ಮಲೆಯಾಳದೋರು ತಿರಂಡಿ ಅಂತಾರೆ. ಮಿಡತೆ ಥರ ನೂರಾರು ಮೊಟ್ಟೆ ಇಡಾಕಿಲ್ಲ, ನಾಲ್ಕೈದು ಮರಿ ಹಾಕ್ತದೆ ಅಷ್ಟೆ. ಹಿಂಗೇ ಹಿಡೀತಾ ಹೋದ್ರೆ ಸಮುದ್ರದಾಗೆ ಏನು ಉಳೀತದೆ? ಅದ್ಸರಿ, ನಿಮ್ಮನೇಲಿ ಇದನ್ನ ಒಳೀಕ್ಕೆ ಬುಡ್ತಾರಾ?"

ಅತ್ತೆ ಬಿಡಲಿಲ್ಲ.

"ಲೇ ಮರಿಮಲ್ಲ, ಹೊಸ್ಲು ದಾಟಿಸ್ಬುಟ್ಟೀಯ! ಲಿಂಗಪೂಜೆ ಮಾಡೋ ಮನೆ ಕಣ್ಲಾ! ಓಗು, ಹೊಲದಾಗೆ ಕಟ್ಕೊ."

ಹೊಲದ ದೃಷ್ಟಿಬೊಂಬೆಯ ತಲೆಯ ಮಡಕೆ ಒಡೆದುಹೋಗಿತ್ತು. ನಾಯಿಗೆ ಎಟುಕದಿರಲೆಂದು ತೊರಕೆಯನ್ನು ಆ ಬರಿ ಕಂಬಕ್ಕೇ ಕಟ್ಟಿದೆ, ಮುಖ ಹೊರಗೆ ಮಾಡಿ.

ಮಾರನೆಯ ಬೆಳಿಗ್ಗೆ ಅತ್ತೆ ಓಡಿಬಂದಳು. "ಅದು ಬಾಯಾಡಿಸ್ತಾ ಅದೆ ಕಣ್ಲಾ! ಮಿಡ್ತೆ ತಿಂತಾ ಅದೆ!"

ನಗುತ್ತಲೇ ಹೋದೆ. ಹೊಲದ ಅಂಚಿನಲ್ಲಿ ನಗು ನಿಂತಿತು. ಆ ಬಿಳಿ ಮುಖದ ತುಟಿಗಳು ನಿಜಕ್ಕೂ ಅಲುಗುತ್ತಿದ್ದವು, ಕಣ್ಣು ಮಿಟುಕುತ್ತಿದ್ದವು. ರಾಗಿಯಲ್ಲಿ ಚೂರೂ ಸದ್ದಿಲ್ಲ. ಹತ್ತಿರ ಹೋದರೆ, ಮಿಡತೆಗಳು! ಹೊಳ್ಳೆಯಿಂದ ಒಳಗೆ, ಬಾಯಿಯಿಂದ ಹೊರಗೆ, ಒಂದರ ಮೇಲೊಂದು.

"ಉಪ್ಪಿಗೆ ಬಂದವೆ ಅತ್ತೆ! ಇದು ಅವನ್ನ ತಿಂತಿಲ್ಲ, ಅವೇ ಇದನ್ನ ತಿಂತಾವೆ!"

"ಯಾವುದು ಯಾವುದನ್ನ ತಿಂದ್ರೆ ನಂಗೇನ್ಲಾ? ರಾಗಿ ಉಳೀತಲ್ಲ," ಎಂದವಳು ಆ ಮೀನಿನ ಹಣೆಗೆ ವಿಭೂತಿ ಬಳಿದಳು.

ವಾರದೊಳಗೆ ಮೃದ್ವಸ್ಥಿಯೂ ಉಳಿಯಲಿಲ್ಲ. ಕಂಬ ಬರಿದಾಯಿತು, ಮಿಡತೆಗಳು ರಾಗಿಗೆ ಮರಳಿದವು. ಉಪ್ಪಿನ ಗಂಟು ಕಟ್ಟಿದೆ. ಒಂದೂ ಸುಳಿಯಲಿಲ್ಲ, ಅವಕ್ಕೆ ಬೇಕಾದದ್ದು ಬರಿ ಉಪ್ಪಲ್ಲ. ಮತ್ತೆ ಗುಂಡ್ಲುಪೇಟೆಗೆ ಓಡಿದೆ. ಸಾಹೇಬರ ಬಳಿ ಇನ್ನೊಂದು ತೊರಕೆ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಳಿದು ನೇರ ಹೊಲಕ್ಕೆ ಬಂದೆ. ಉರಿಬಿಸಿಲು. ಕಂಬದ ಪಕ್ಕ ಅತ್ತೆ ಕೈ ಚಾಚಿ ನಿಂತಿದ್ದಳು, ಮೈಯೆಲ್ಲ ಬೆವರು. ಕತ್ತು, ಕೆನ್ನೆ, ರೆಪ್ಪೆ, ತುಟಿ ಎಲ್ಲ ಕಡೆ ಹಸಿರು ಮಿಡತೆಗಳು ಕೂತು ಮೆಲ್ಲುತ್ತಿದ್ದವು. ಮುಂಗೈಯಲ್ಲಿ ರಕ್ತದ ಚುಕ್ಕೆಗಳು.

"ಅತ್ತೆ!" ಎಂದು ಓಡಿದೆ.

"ಸದ್ದು ಮಾಡ್ಬ್ಯಾಡ," ಎಂದಳು ತುಟಿ ಬಿಚ್ಚದೆ. "ರಾಗಿ ಬುಟ್ಟು ಬಂದವೆ. ಎಲ್ಲಕ್ಕೂ ನಾನೊಬ್ಳೇ ಸಾಲಾಕಿಲ್ಲ. ಬಾ, ಆ ಕಡೆ ನಿಂತ್ಕೊ. ನೀನೂ ಬೆವ್ತಿದ್ದೀಯ."